ಉಪ್ಪುಗಾಳಿಯ ಕಾರವಾರ, ಇಬ್ಬನಿಯ ಶಿರಸಿ: ದಿನಾ ಓಡುವ ಹಳೇ ಕಾರುಗಳ ಪ್ರಶ್ನೋತ್ತರ

ದೀಪಾವಳಿ ಕಳೆದು ಘಟ್ಟದ ಮೇಲೆ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಈ ಅಂಕಣಕ್ಕೆ ಹಳೇ ಕಾರುಗಳ ಪತ್ರ ಹೆಚ್ಚುತ್ತವೆ. ನಾಲ್ಕು ತಿಂಗಳು ಮಳೆಯಲ್ಲಿ ನೆನೆದದ್ದರ ಫಲ ಕಣ್ಣಿಗೆ ಬೀಳುವುದು ಆಗಲೇ. ಪ್ರದರ್ಶನಕ್ಕೆಂದು ಒರೆಸಿಟ್ಟ ಕಾರುಗಳ ಪತ್ರಗಳನ್ನು ಈ ಸಲ ಬದಿಗಿಟ್ಟಿದ್ದೇವೆ. ಇಲ್ಲಿರುವುದೆಲ್ಲ ಪೇಟೆಗೆ, ತೋಟಕ್ಕೆ, ಶಾಲೆಗೆ ದಿನಾ ಹೋಗಿಬರುವ ಗಾಡಿಗಳ ತಕರಾರು.

ಪ್ರಶ್ನೆ: 1986ರ ಪ್ರೀಮಿಯರ್ ಪದ್ಮಿನಿ. ಚಳಿ ಶುರುವಾದಾಗಿನಿಂದ ಆಯಿಲ್ ಹಾಕುವ ಮುಚ್ಚಳದ ಒಳಮೈಗೆ ಬೆಣ್ಣೆಯಂಥ ಬಿಳಿ ಪದಾರ್ಥ ಅಂಟುತ್ತಿದೆ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ, ಹೆಡ್ ಇಳಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್. ಮನೆಯಿಂದ ಪೇಟೆಗೆ ಮೂರೇ ಕಿಲೋಮೀಟರ್. ಖರ್ಚಿಗೆ ಇಳಿಯಲೇ? (ಶಿರಸಿ)

ಉತ್ತರ: ಒಂದು ವಾರ ತಡೆಯಿರಿ. ನಿಮ್ಮ ಪತ್ರದಲ್ಲಿ ಮುಖ್ಯವಾದದ್ದು ಆ ಮೂರು ಕಿಲೋಮೀಟರ್. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಕ್ಕೆ ನುಸುಳಿ ಆಯಿಲ್ ಇರುವ ಜಾಗ ಸೇರುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಆ ಆವಿ ಬ್ರೀದರ್ ಪೈಪಿನಿಂದ ಹೊರಹೋಗುತ್ತದೆ. ಮೂರು ಕಿಲೋಮೀಟರಿನಲ್ಲಿ ಎಂಜಿನ್ ಬಿಸಿಯಾಗುವುದೇ ಇಲ್ಲ. ಆವಿ ಎಲ್ಲಕ್ಕಿಂತ ತಣ್ಣಗಿರುವ ಜಾಗದಲ್ಲಿ, ಅಂದರೆ ಆ ಮುಚ್ಚಳದಲ್ಲಿ, ನೀರಾಗಿ ಆಯಿಲ್ ಜೊತೆ ಕಡೆದುಕೊಂಡು ಬೆಣ್ಣೆಯಾಗುತ್ತದೆ.

ಗ್ಯಾಸ್ಕೆಟ್ ಹೌದೋ ಅಲ್ಲವೋ ಹೀಗೆ ನೋಡಿ. ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆಯಿರಿ. ಅದರಲ್ಲಿರುವ ಆಯಿಲ್ ಎಂದಿನ ಬಣ್ಣದಲ್ಲಿದ್ದು ಮುಚ್ಚಳ ಮಾತ್ರ ಬೆಳ್ಳಗಿದ್ದರೆ ಅದು ಬರೀ ತೇವ. ಡಿಪ್‌ಸ್ಟಿಕ್ಕೇ ಹಾಲು ಹಾಕಿದ ಕಾಫಿಯಂತಿದ್ದರೆ ಮೆಕ್ಯಾನಿಕ್ ಹೇಳಿದ್ದು ಸರಿ, ಗಾಡಿ ಅಲ್ಲೇ ನಿಲ್ಲಿಸಿ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರು ಎಲ್ಲಿಯವರೆಗಿದೆ ಎಂದು ಗುರುತಿಟ್ಟುಕೊಳ್ಳಿ. ಮುಚ್ಚಳ ತೆಗೆದಿದ್ದಾಗಲೇ ಸ್ಟಾರ್ಟ್ ಮಾಡಿ ಎರಡು ನಿಮಿಷ ನೋಡಿ. ಒಂದೆರಡು ಗುಳ್ಳೆ ಬಂದು ನಿಂತರೆ ಚಿಂತೆಯಿಲ್ಲ, ಬಿಡದೆ ಗುಳ್ಳೆ ಎದ್ದರೆ ಸಿಲಿಂಡರಿನ ಗ್ಯಾಸ್ ನೀರಿಗೆ ಸೇರುತ್ತಿದೆ. ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿಡಿ. ಮೂರು ಕಂದು ಬಣ್ಣವಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ನೀರು ಹೋಗುತ್ತಿದೆ.

ಇದ್ಯಾವುದೂ ಇಲ್ಲದಿದ್ದರೆ ಮುಂದೆ ನೋಡಬೇಕಾದದ್ದು ಥರ್ಮೋಸ್ಟ್ಯಾಟ್, ಅಂದರೆ ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್. ಬೇಸಿಗೆಯಲ್ಲಿ ಗಾಡಿ ಕುದಿಯಿತೆಂದು ಅದನ್ನು ಕಿತ್ತು ಎಸೆಯುವುದು ನಮ್ಮ ಕಡೆ ರೂಢಿ. ಅದಿಲ್ಲದ ಎಂಜಿನ್ ಡಿಸೆಂಬರಿನಲ್ಲಿ ಹತ್ತು ಕಿಲೋಮೀಟರ್ ಓಡಿದರೂ ಬೆಚ್ಚಗಾಗುವುದಿಲ್ಲ. ಹೊಸದನ್ನು ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಡಿ. 82 (ಡಿಗ್ರಿ) ಎಂದು ಅಚ್ಚಾಗಿದ್ದರೆ ನೀರು ಕುದಿಯುವುದಕ್ಕಿಂತ ಸಾಕಷ್ಟು ಮೊದಲೇ ಬಾಯಿ ತೆರೆಯಬೇಕು, ತಣಿದಾಗ ಮುಚ್ಚಬೇಕು. ಬ್ರೀದರ್ ಪೈಪ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯಿರಿ. ವಾರಕ್ಕೊಮ್ಮೆ ಬನವಾಸಿಯ ತನಕ ಹೋಗಿಬನ್ನಿ, ಅಷ್ಟು ದೂರ ಸಾಕು. ಆಯಿಲನ್ನು ಕಿಲೋಮೀಟರ್ ಎಣಿಸದೆ ಆರು ತಿಂಗಳಿಗೊಮ್ಮೆ ಬದಲಿಸಿ.

ಪದ್ಮಿನಿಯ ಬ್ಲಾಕ್ ಬೀಡುಕಬ್ಬಿಣ, ಹೆಡ್ ಅಲ್ಯುಮಿನಿಯಂ. ಎರಡು ಲೋಹ ಒಂದೇ ನೀರಿನಲ್ಲಿದ್ದರೆ ಅಲ್ಯುಮಿನಿಯಂ ಸವೆಯುತ್ತದೆ. ಇಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲದಿದ್ದರೂ ಕೂಲೆಂಟ್ ಬೇಕಾಗುವುದು ಇದಕ್ಕೇ. ಒಂದು ಪಾಲು ಕೂಲೆಂಟಿಗೆ ಎರಡು ಪಾಲು ಡಿಸ್ಟಿಲ್ಡ್ ವಾಟರ್. ಹಳೇ ರೇಡಿಯೇಟರಿನ ಸಣ್ಣ ತೂತುಗಳನ್ನು ಎಷ್ಟೋ ಸಲ ತುಕ್ಕೇ ಮುಚ್ಚಿರುತ್ತದೆ. ಕೂಲೆಂಟ್ ಹಾಕಿದ ವಾರದಲ್ಲಿ ಸೋರಿದರೆ ಕೂಲೆಂಟನ್ನು ಬೈಯಬೇಡಿ.

ಪ್ರಶ್ನೆ: ಅಂಬಾಸಡರ್, ಪೆಟ್ರೋಲ್. ಮಂಜು ಮುಸುಕಿದ ಬೆಳಿಗ್ಗೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತದೆ. ನಾಲ್ಕೈದು ಕಿಲೋಮೀಟರ್ ಹೋದ ಮೇಲೆ ಎಳೆತ ಕಳೆದುಕೊಂಡು ನಿಲ್ಲುತ್ತದೆ. ಐದು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಪಂಪ್, ಕಾಯಿಲ್ ಎರಡೂ ಬದಲಿಸಿಯಾಯಿತು. (ಯಲ್ಲಾಪುರ)

ಉತ್ತರ: ಬದಲಿಸಿದ ಪಂಪ್, ಕಾಯಿಲ್ ಡಿಕ್ಕಿಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾದೀತು. ಪೆಟ್ರೋಲಿಗೆ ಗಾಳಿ ಬೆರೆಸುವ ನಿಮ್ಮ ಕಾರ್ಬುರೇಟರಿನಲ್ಲಿ ಮಂಜುಗಡ್ಡೆ ಕಟ್ಟುತ್ತಿದೆ. ಯಲ್ಲಾಪುರದಲ್ಲಿ ಹಿಮವೇ ಎನ್ನಬೇಡಿ. ಪೆಟ್ರೋಲ್ ಆವಿಯಾಗುವಾಗ ಸುತ್ತಲ ಶಾಖ ಹೀರುತ್ತದೆ, ಇಪ್ಪತ್ತು ಡಿಗ್ರಿಯಷ್ಟು ತಂಪು ಬೀಳುವುದೂ ಉಂಟು. ಹೊರಗೆ 12-13 ಡಿಗ್ರಿ ಇದ್ದು ಗಾಳಿ ತೇವದಿಂದ ತುಂಬಿದ್ದರೆ ಥ್ರಾಟಲ್ ತಟ್ಟೆಯ ಅಂಚಿನಲ್ಲಿ ಮಂಜು ಕಟ್ಟಿ ದಾರಿ ಮುಚ್ಚುತ್ತದೆ. ನಿಂತ ಮೇಲೆ ಎಂಜಿನ್ನಿನ ಬಿಸಿಗೆ ಅದು ಕರಗುತ್ತದೆ, ಸಾಕ್ಷಿಯೇ ಉಳಿಯುವುದಿಲ್ಲ. ಮುಂದಿನ ಸಲ ನಿಂತ ಕೂಡಲೇ ಏರ್ ಕ್ಲೀನರ್ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ, ಕಾರ್ಬುರೇಟರಿನ ಕುತ್ತಿಗೆ ಮುಟ್ಟಿ. ತಣ್ಣಗೆ ಬೆವರಿ ಬಿಳಿ ಪದರ ಕಂಡರೆ ಸಂಶಯವಿಲ್ಲ.

ಪರಿಹಾರ ಅಗ್ಗದ್ದು. ಏರ್ ಕ್ಲೀನರಿನ ಬಾಯಿ ಸೈಲೆನ್ಸರ್ ಮ್ಯಾನಿಫೋಲ್ಡಿನ ಕಡೆಗೆ ತಿರುಗಿರಲಿ. ಸಾಲದಿದ್ದರೆ ತಗಡಿನ ಕೊಳವೆ ಮಾಡಿಸಿ ಮ್ಯಾನಿಫೋಲ್ಡಿನ ಪಕ್ಕದ ಬಿಸಿ ಗಾಳಿ ಎಳೆಯುವಂತೆ ಮಾಡಿ. ಶಿವರಾತ್ರಿ ಹೊತ್ತಿಗೆ ತೆಗೆದುಬಿಡಿ, ಬೇಸಿಗೆಯಲ್ಲಿ ಬಿಸಿ ಗಾಳಿ ಕುಡಿಸಿದರೆ ಶಕ್ತಿ ಕುಂದುತ್ತದೆ. ಎಸ್‌ಯು ಕಾರ್ಬುರೇಟರ್ ಆಗಿದ್ದರೆ ಮೇಲಿನ ಡ್ಯಾಂಪರಿನಲ್ಲಿ ಆಯಿಲ್ ಇದೆಯೇ ಎಂಬುದನ್ನೂ ನೋಡಿ.

ಪ್ರಶ್ನೆ: ನಾಲ್ಕು ದಿನ ನಿಂತರೆ ಪದ್ಮಿನಿ ಬೆಳಿಗ್ಗೆ ಸ್ಟಾರ್ಟ್ ಆಗಲು ಹತ್ತು ನಿಮಿಷ. ಕೊಟ್ಟಿಗೆ ತುಂಬ ಪೆಟ್ರೋಲ್ ವಾಸನೆ ಬೇರೆ. ಇದು ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಕಾಟವೇ? (ಸಿದ್ದಾಪುರ)

ಉತ್ತರ: ಮೊದಲು ವಾಸನೆ. ಇವತ್ತೇ ಪೆಟ್ರೋಲ್ ಪೈಪುಗಳನ್ನು ಬೆರಳಲ್ಲಿ ಹಿಸುಕಿ ನೋಡಿ. ಬಿರುಕು ಬಿಟ್ಟಿದ್ದರೆ, ಅಥವಾ ಊದಿ ಮೆತ್ತಗಾಗಿದ್ದರೆ, ಗಾಡಿ ತೆಗೆಯಬೇಡಿ. ಹಳೇ ರಬ್ಬರಿಗೂ ಎಥನಾಲಿಗೂ ಆಗಿಬರುವುದಿಲ್ಲ. ಎಸ್‌ಎಇ ಜೆ30 ಆರ್9 ಎಂದು ಮೈಮೇಲೆ ಅಚ್ಚಿರುವ ಪೈಪ್ ಕೇಳಿ ಪಡೆಯಿರಿ. ಪಂಪಿನ ಡಯಾಫ್ರಾಮ್, ಫ್ಲೋಟಿನ ಸೂಜಿ ವಾಲ್ವ್ ಕೂಡ ಬದಲಿಸಿ.

ಸ್ಟಾರ್ಟ್ ಆಗದಿರುವುದು ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ಒಣಗುವುದರಿಂದ. ಪಂಪಿನಲ್ಲಿ ಕೈಯಿಂದ ಒತ್ತುವ ಸಣ್ಣ ಲಿವರ್ ಇದ್ದರೆ ಹತ್ತು-ಹದಿನೈದು ಸಲ ಒತ್ತಿ ಚೇಂಬರ್ ತುಂಬಿಸಿ, ಬ್ಯಾಟರಿ ಉಳಿಯುತ್ತದೆ. ಚೋಕ್ ಪೂರ್ತಿ ಎಳೆದು, ಎಕ್ಸಲರೇಟರ್ ಎರಡು ಸಲ ತುಳಿದು ಬಿಟ್ಟು, ಸೆಲ್ಫ್ ಐದಾರು ಸೆಕೆಂಡ್ ಮಾತ್ರ. ಹಿಡಿಯದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ. ಸ್ಟಾರ್ಟ್ ಆದ ಮೇಲೆ ಅರ್ಧ ಚೋಕ್, ಒಂದೆರಡು ಕಿಲೋಮೀಟರಿನಲ್ಲಿ ಪೂರ್ತಿ ಒಳಗೆ. ಬೆಚ್ಚಗಿರಲಿ ಎಂದು ಚೋಕ್ ಎಳೆದೇ ಪೇಟೆ ಮುಟ್ಟುವವರಿದ್ದಾರೆ. ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಬಿಡುತ್ತದೆ, ರಿಂಗ್ ಸವೆಯುವುದು ಹೀಗೆ.

ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಇ20ಕ್ಕೆ ಸುಮಾರು 13.5 ಸಾಕು. ಹಳೇ ಜೆಟ್ಟಿನಲ್ಲಿ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಅಳತೆಯ ತೂತು) ಮಿಶ್ರಣ ತೆಳುವಾಗುತ್ತದೆ ಎಂದರ್ಥ. ಎಂಜಿನ್ ಏರಿನಲ್ಲಿ ಮುಗ್ಗರಿಸಿ, ಪ್ಲಗ್ ತೀರಾ ಬೆಳ್ಳಗಿದ್ದರೆ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿಸಿ. 120 ಇದ್ದರೆ 125 ಸಾಕು, ಅಷ್ಟರಲ್ಲೇ ತೂತಿನ ವಿಸ್ತೀರ್ಣ ನೂರಕ್ಕೆ ಎಂಟರಷ್ಟು ಹೆಚ್ಚುತ್ತದೆ. ತಂತಿ ತೂರಿಸಿ ಜೆಟ್ ಅಗಲ ಮಾಡುವುದು ಬೇಡವೇ ಬೇಡ.

ಪ್ರಶ್ನೆ: ಮನೆ ಸಮುದ್ರದ ಹತ್ತಿರ. ಅಂಬಾಸಡರಿನ ತಳಕ್ಕೆ ಪ್ರತಿ ಮೇ ತಿಂಗಳಲ್ಲಿ ಸುಟ್ಟ ಆಯಿಲ್ ಹೊಡೆಸುತ್ತೇನೆ. ಆದರೂ ಡ್ರೈವರ್ ಕಾಲಡಿಯ ತಗಡು ತೂತು. ಈ ಸಲ ಟಾರ್ ಕೋಟಿಂಗ್ ಮಾಡಿಸಿ ಕೈತೊಳೆದುಕೊಳ್ಳಲೇ? (ಕೋಡಿಬಾಗ, ಕಾರವಾರ)

ಉತ್ತರ: ಮಾಡಿಸಿದರೆ ಕಾರಿನ ಆಸೆಗೂ ಕೈತೊಳೆದುಕೊಳ್ಳಬೇಕಾದೀತು. ಒದ್ದೆ ತುಕ್ಕಿನ ಮೇಲೆ ಟಾರ್ ಬಳಿದರೆ ಅದು ಮುಚ್ಚಳವಾಗುತ್ತದೆ, ತುಕ್ಕು ಒಳಗೇ ಮೇಯುತ್ತದೆ. ಎರಡು ವರ್ಷ ಎಲ್ಲ ಕಪ್ಪಗೆ ಚಂದ, ಮೂರನೇ ವರ್ಷ ಟಾರ್ ಹಾಳೆಗೆ ಹಾಳೆ ಕಳಚಿದಾಗ ಅದರ ಜೊತೆ ನೆಲವೂ ಬರುತ್ತದೆ. ಸುಟ್ಟ ಆಯಿಲಿನಲ್ಲಿ ಆಮ್ಲವಿರುತ್ತದೆ, ರಬ್ಬರ್ ಬುಷ್‌ಗಳನ್ನು ಊದಿಸುತ್ತದೆ, ಅಂಗಳಕ್ಕೆ ತೊಟ್ಟಿಕ್ಕಿ ಬಾವಿಯ ಕಡೆ ಇಳಿಯುತ್ತದೆ. ಮೊದಲ ಜಡಿಮಳೆಗೆ ಅರ್ಧ ತೊಳೆದೂ ಹೋಗುತ್ತದೆ.

ಕಾಲಡಿಯ ತಗಡು ಹೆಚ್ಚಾಗಿ ತೂತಾಗುವುದು ಒಳಗಿನಿಂದ. ಮ್ಯಾಟ್ ಎತ್ತಿ ಕೆಳಗಿನ ಫೆಲ್ಟನ್ನು ಹಿಂಡಿ ನೋಡಿ. ಮಳೆ ಹೋಗಿ ತಿಂಗಳಾದರೂ ನೀರಿಳಿಯಬಹುದು. ಆ ನೀರು ಬರುವುದು ಮುಂದಿನ ಗಾಜಿನ ರಬ್ಬರ್ ಬೀಡಿಂಗಿನಿಂದ, ಇಲ್ಲವೇ ಬಾಗಿಲಿನಿಂದ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿನಿಂದ ತಂಬಿಗೆಯಲ್ಲಿ ನೀರು ಬಿಡಲಿ. ಗಾಜಿನ ಕೆಳ ಅಂಚಿನಿಂದ ಶುರುಮಾಡಿ ನಿಧಾನಕ್ಕೆ ಮೇಲೆ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲಿ ಸೋರಿತೆಂದು ತಿಳಿಯುವುದಿಲ್ಲ. ಬಾಗಿಲಿನ ತಳದಲ್ಲಿ ನೀರು ಬಸಿಯಲು ತೂತುಗಳಿವೆ, ಹಿಡಿಕಡ್ಡಿ ತೂರಿಸಿ ನೋಡಿ. ಬಣ್ಣ ಹೊಡೆಸುವಾಗ ಅವನ್ನು ಲಪ್ಪದಿಂದ ಮುಚ್ಚಿದ ಗಾಡಿಗಳಿಗೆ ಲೆಕ್ಕವಿಲ್ಲ.

ಇನ್ನು ಕೆಳಗಿನ ಕೆಲಸ. ಇದಕ್ಕೆ ಡಿಸೆಂಬರ್, ಜನವರಿಯೇ ಹದ. ಮೇ ತಿಂಗಳ ಕಡಲಗಾಳಿಯ ಅಂಟು ಆಗ ಇರುವುದಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ತಳವನ್ನೆಲ್ಲ ತಟ್ಟುತ್ತ ಹೋಗಿ. ಟಣ್ ಎಂದರೆ ತಗಡು, ದಬ್ ಎಂದರೆ ತುಕ್ಕು. ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಯಾಕಾರದ ಭಾಗವೇ ಈ ಕಾರಿನ ಬೆನ್ನೆಲುಬು, ಅಂಬಾಸಡರಿಗೆ ಬೇರೆ ಚಾಸಿ ಇಲ್ಲ. ಅದರ ಹತ್ತಿರ ಜ್ಯಾಕ್ ಕೊಟ್ಟು ಎತ್ತಿದಾಗ ಬಾಗಿಲು ಹಾಕಲು ಬಾರದಿದ್ದರೆ ಅಲ್ಲಿ ಶಕ್ತಿ ಉಳಿದಿಲ್ಲ. ಅಂಥ ಜಾಗಕ್ಕೆ ಎಂ-ಸೀಲ್, ಫೈಬರ್ ಮೆತ್ತಿ ಮೇಲೆ ಬಣ್ಣ ಹೊಡೆಯುವುದು ಮೋಸ. ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ, 18 ಗೇಜ್ ತಗಡಿನ ತುಂಡು ಮಿಗ್ ವೆಲ್ಡಿಂಗ್ ಮಾಡಿಸಿ. ಅದಕ್ಕೂ ಮೊದಲು ಬ್ಯಾಟರಿ ಕಳಚಿಡಬೇಕು, ಹಿಂಭಾಗದ ಕೆಲಸವಾದರೆ ಪೆಟ್ರೋಲ್ ಟ್ಯಾಂಕನ್ನೂ ಇಳಿಸಬೇಕು.

ಕಾರವಾರದಲ್ಲಿ ಒಂದು ಕೆಲಸ ಹೆಚ್ಚು, ಅದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ತಂತಿ ಬ್ರಷ್ ಹಾಕಿದ ಮೇಲೂ ತುಕ್ಕಿನ ಗುಳಿಗಳಲ್ಲಿ ಉಪ್ಪು ಕೂತಿರುತ್ತದೆ. ಅದರ ಮೇಲೆ ಪ್ರೈಮರ್ ಹೊಡೆದರೆ ಕೆಲವೇ ತಿಂಗಳಲ್ಲಿ ಗುಳ್ಳೆ. ಹಾಗಾಗಿ ಬ್ರಷ್, ಸಿಹಿನೀರಿನ ತೊಳೆತ, ಬಿಸಿಲು, ಮತ್ತೆ ಬ್ರಷ್, ಮತ್ತೆ ತೊಳೆತ. ಕಡಲಂಚಿನ ಬಾವಿಯ ಸವಳು ನೀರು ಇದಕ್ಕೆ ಬೇಡ. ಪ್ರೈಮರ್ ಹೊಡೆಯುವುದು ಬೆಳಿಗ್ಗೆ ಹತ್ತರ ನಂತರ. ಚಳಿಗಾಲದ ಮುಂಜಾನೆ ತಗಡಿನ ಮೇಲೆ ಕಣ್ಣಿಗೆ ಕಾಣದಷ್ಟು ಇಬ್ಬನಿ ಇರುತ್ತದೆ, ಅಂಗೈ ಇಟ್ಟರೆ ಗೊತ್ತಾಗುತ್ತದೆ. ಎಪಾಕ್ಸಿ ಪ್ರೈಮರ್ ಎರಡು ಕೈ, ಜೋಡಣೆಗಳಿಗೆ ಸೀಲರ್, ಅದು ಒಣಗಿದ ಮೇಲೆ ಅಂಡರ್‌ಕೋಟ್. ಪೆಟ್ಟಿಗೆಯ ಒಳಗೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್, ಒಂದು ಬದಿಗೆ ಅರ್ಧ ಲೀಟರ್ ಹಿಡಿಯುತ್ತದೆ. ಕೆಳಗಿನ ಬಸಿ ತೂತುಗಳಿಂದ ವ್ಯಾಕ್ಸ್ ತೊಟ್ಟಿಕ್ಕಿದರೆ ಮೂಲೆ ಮುಟ್ಟಿತೆಂದು ಲೆಕ್ಕ. ಆಮೇಲೆ ಆ ತೂತುಗಳಿಗೆ ಮತ್ತೊಮ್ಮೆ ಹಿಡಿಕಡ್ಡಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಮಡ್‌ಗಾರ್ಡ್ ಒಳಭಾಗ, ತಳ ಎರಡನ್ನೂ ನಲ್ಲಿ ಪೈಪಿನಿಂದ ತೊಳೆಯಿರಿ. ಗಾಡಿಯ ಮೇಲೆ ಪ್ಲಾಸ್ಟಿಕ್ ತಾಡಪಾಲು ಹೊದಿಸುವುದು ಬೇಡ. ಒಳಗೆ ಬೆವರು ಕಟ್ಟುತ್ತದೆ, ಅದಕ್ಕಿಂತ ಬಯಲಲ್ಲಿ ನಿಂತದ್ದೇ ಮೇಲು.

ಪ್ರಶ್ನೆ: ರಾತ್ರಿ ಹೆಡ್‌ಲೈಟ್, ವೈಪರ್ ಎರಡೂ ಹಾಕಿದರೆ ಅಂಬಾಸಡರಿನ ಬ್ಯಾಟರಿ ಇಳಿಯುತ್ತದೆ. ಡೈನಮೋ ಗಾಡಿ. ಬ್ಯಾಟರಿ ಹೊಸತು. (ಹೊನ್ನಾವರ)

ಉತ್ತರ: ಲೆಕ್ಕ ಹಾಕೋಣ. 45 ವಾಟಿನ ಎರಡು ಹೆಡ್‌ಲೈಟಿಗೆ ಏಳೂವರೆ ಆಂಪಿಯರ್, ಸಣ್ಣ ದೀಪಗಳಿಗೆ ಎರಡು, ಕಾಯಿಲಿಗೆ ಮೂರು-ನಾಲ್ಕು, ವೈಪರಿಗೆ ಮೂರು. ಒಟ್ಟು ಹದಿನಾರರ ಆಸುಪಾಸು. ಲೂಕಾಸ್ ಸಿ40 ಡೈನಮೋ ಚೆನ್ನಾಗಿದ್ದರೆ 22 ಆಂಪಿಯರ್ ಕೊಡುತ್ತದೆ, ಆದರೆ ವೇಗವಾಗಿ ತಿರುಗಿದಾಗ. ಐಡ್ಲಿಂಗಿನಲ್ಲಿ ಸೊನ್ನೆ. ಗೇರುಸೊಪ್ಪೆ ಘಟ್ಟದಲ್ಲಿ ಲಾರಿಯ ಹಿಂದೆ ತೆವಳುವಾಗ ಎಲ್ಲವೂ ಬ್ಯಾಟರಿಯಿಂದಲೇ ಹೋಗುತ್ತಿರುತ್ತದೆ. 60 ವಾಟಿನ ಬಲ್ಬ್ ಹಾಕಿಸಿದ್ದರೆ ಕೇಳುವುದೇ ಬೇಡ.

ಬೆಲ್ಟನ್ನು ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದರೆ 12 ಮಿ.ಮೀ.ನಷ್ಟು ತಗ್ಗಬೇಕು. ಡೈನಮೋ ಕಾರ್ಬನ್ ಬ್ರಷ್ ಬದಲಿಸಿ, ಕಮ್ಯುಟೇಟರಿನ ಗೀರುಗಳಲ್ಲಿನ ಮಸಿಯನ್ನು ಮುರಿದ ಹ್ಯಾಕ್ಸಾ ಬ್ಲೇಡಿನಿಂದ ಕೆರೆಯಿರಿ. ಇಷ್ಟಾದರೂ ದಿನಾ ರಾತ್ರಿ ಓಡಿಸುವವರಿಗೆ ಆಲ್ಟರ್ನೇಟರ್ ಹಾಕಿಸುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ, ಹಳತನ್ನು ಹಳತಾಗಿಯೇ ಇಡಬೇಕೆನ್ನುವವರು ಕ್ಷಮಿಸಲಿ. ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಬಿಗಿದಿದೆ ನೋಡಿ. ಪಾಸಿಟಿವ್ ಬಾಡಿಗಿದ್ದರೆ ಅದನ್ನು ತಿರುಗಿಸದೆ ಆಲ್ಟರ್ನೇಟರ್ ಕೂಡಿಸಿದ ಕ್ಷಣವೇ ಡಯೋಡ್ ಸುಡುತ್ತದೆ. ಡೈನಮೋದ ಚಾರ್ಜನ್ನು ನಿಯಂತ್ರಿಸುತ್ತಿದ್ದ ಹಳೇ ಕಟೌಟ್ ಪೆಟ್ಟಿಗೆಗೆ ಇನ್ನು ಕೆಲಸವಿಲ್ಲ. ಆಲ್ಟರ್ನೇಟರಿನಿಂದ ಬ್ಯಾಟರಿಗೆ ನೇರ 6 ಚದರ ಮಿ.ಮೀ. ವೈರು ಎಳೆಯಿರಿ. ಎಂಜಿನ್ ಸ್ವಲ್ಪ ಏರಿಸಿದಾಗ ಬ್ಯಾಟರಿ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಕಂಡರೆ ಕೆಲಸ ಸರಿಯಾಗಿದೆ.

ಪ್ರಶ್ನೆ: ಜೋರು ಮಳೆಯಲ್ಲಿ ಪದ್ಮಿನಿ ಮಿಸ್ ಹೊಡೆಯುತ್ತದೆ. ಬಿಸಿಲು ಬಂದರೆ ಸರಿ. (ಅಂಕೋಲಾ)

ಉತ್ತರ: ಕರೆಂಟ್ ಸೋರುತ್ತಿದೆ. ರಾತ್ರಿ ಅಂಗಳದ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ, ಗಿಡಗಳಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ದೂರದಿಂದ ತೆಳ್ಳಗೆ ನೀರು ಹೊಡೆಯಿರಿ. ಪ್ಲಗ್ ವೈರುಗಳ ಮೈಮೇಲೆ, ಡಿಸ್ಟ್ರಿಬ್ಯೂಟರ್ ಕ್ಯಾಪಿನ ಸುತ್ತ ನೀಲಿ ಎಳೆಗಳು ಹರಿದಾಡುವುದು ಕಾಣುತ್ತದೆ. ಕೈ ಹಾಕಬೇಡಿ, ಅಲ್ಲಿ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ. ವೈರು ಒಂದು ಹೋಗಿದ್ದರೂ ಪ್ಲಗ್ಗಿನ ನಾಲ್ಕು, ಕಾಯಿಲಿನ ಒಂದು, ಹೀಗೆ ಐದನ್ನೂ ಬದಲಿಸಿ. ಕ್ಯಾಪಿನ ಒಳಗೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಇದ್ದರೆ ಕ್ಯಾಪ್ ಮುಗಿಯಿತು. ಒರೆಸಿದರೆ ಒಂದು ದಿನ ಓಡುತ್ತದೆ, ಅಷ್ಟೇ. ಹೊಸ ಕ್ಯಾಪಿನ ವೈರು ಕೂರುವ ಗುಂಡಿಗಳಿಗೂ ಪ್ಲಗ್ ರಬ್ಬರುಗಳಿಗೂ ಸಿಲಿಕಾನ್ ಗ್ರೀಸ್ ಸವರಿ. ರಬ್ಬರ್ ಕೈಗವಸಿನ ಬೆರಳ ತುದಿ ಕತ್ತರಿಸಿ, ಅದರೊಳಗಿಂದ ವೈರು ತೂರಿಸಿ, ಕ್ಯಾಪಿಗೆ ಟೋಪಿಯಂತೆ ತೊಡಿಸುವ ಉಪಾಯ ನೋಡಲು ತಮಾಷೆ, ಆದರೆ ಕೆಲಸ ಮಾಡುತ್ತದೆ. ಕೆಳಗೆ ಮಾತ್ರ ತೆರೆದಿರಲಿ. ಡಿಸ್ಟ್ರಿಬ್ಯೂಟರಿನ ಒಳಗಿನ ಪಾಯಿಂಟ್ ಗ್ಯಾಪ್ 0.42ರಿಂದ 0.48 ಮಿ.ಮೀ. ಒಳಗೆ ಇರಬೇಕು.

ಪ್ರಶ್ನೆ: ಉಬ್ಬರದ ದಿನ ಹೊಳೆ ನೀರು ಅಂಗಳಕ್ಕೆ ಬಂದು ಕಾರಿನ ಸೀಟಿನ ತನಕ ನಿಂತಿತ್ತು. ಈಗ ಏನೇನು ಮಾಡಬೇಕು? (ಕುಮಟಾ)

ಉತ್ತರ: ಸೆಲ್ಫ್ ಹೊಡೆಯದಿರುವುದು ಮೊದಲ ಕೆಲಸ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ಕಳಚಿ, ಪ್ಲಗ್ ಎಲ್ಲ ಬಿಚ್ಚಿ, ಹ್ಯಾಂಡಲಿನಿಂದಲೋ ಟಾಪ್ ಗೇರಿನಲ್ಲಿ ತಳ್ಳಿಯೋ ಎಂಜಿನ್ ತಿರುಗಿಸಿ ನೀರು ಹೊರಹಾಕಿ. ಉಬ್ಬರದ ನೀರು ಉಪ್ಪು, ಅದು ಒಣಗುವ ಮೊದಲೇ ಸಿಹಿನೀರಿನಿಂದ ತೊಳೆಯಬೇಕು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮೂರರ ಬಸಿ ಬೋಲ್ಟನ್ನೂ ಸಡಿಲಿಸಿ ನೋಡಿ. ನೀರು ಆಯಿಲಿಗಿಂತ ಭಾರ, ಮೊದಲು ಅದೇ ಬರುತ್ತದೆ. ಬಂದರೆ ಆಯಿಲ್ ಬದಲಿಸಿ, ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬದಲಿಸಿ. ಡೈನಮೋ, ಸೆಲ್ಫ್, ನಾಲ್ಕೂ ಡ್ರಮ್ ಬಿಚ್ಚಬೇಕು, ವ್ಹೀಲ್ ಬೇರಿಂಗಿಗೆ ಹೊಸ ಗ್ರೀಸ್ ತುಂಬಬೇಕು. ಇದನ್ನೆಲ್ಲ ಎರಡು ದಿನದೊಳಗೆ ಮಾಡಿದರೆ ಗಾಡಿ ಉಳಿಯುತ್ತದೆ, ಎರಡು ವಾರ ಬಿಟ್ಟರೆ ಬೇರಿಂಗುಗಳೆಲ್ಲ ಹೋಗುತ್ತವೆ.

ಪ್ರಶ್ನೆ: ದೇವಿಮನೆ ಘಟ್ಟ ಇಳಿಯುವಾಗ, ನೀರು ದಾಟಿದ ಮೇಲೆ ಬ್ರೇಕ್ ಹಿಡಿಯುವುದೇ ಇಲ್ಲ, ಆಮೇಲೆ ಒಂದೇ ಕಡೆ ಎಳೆಯುತ್ತದೆ. (ಶಿರಸಿ ತಾಲೂಕು)

ಉತ್ತರ: ಪದ್ಮಿನಿಗೆ, ಹಳೇ ಅಂಬಾಸಡರಿಗೆ ನಾಲ್ಕೂ ಗಾಲಿಗೆ ಡ್ರಮ್. ಒಳಗೆ ಹೊಕ್ಕ ನೀರು ಬೇಗ ಹೊರಬರುವುದಿಲ್ಲ. ನೀರು ದಾಟಿದ ಕೂಡಲೇ ಕಡಿಮೆ ವೇಗದಲ್ಲಿ ಬ್ರೇಕನ್ನು ಹಗುರವಾಗಿ ಒತ್ತಿಹಿಡಿದು ನೂರು ಮೀಟರ್ ಹೋಗಿ, ಬಿಸಿಗೆ ಲೈನರ್ ಒಣಗುತ್ತದೆ. ಒಂದು ಡ್ರಮ್ ಮೊದಲು ಒಣಗಿದಾಗ ಗಾಡಿ ಆ ಕಡೆ ಎಳೆಯುವುದು ಸಹಜ. ಒಣ ರಸ್ತೆಯಲ್ಲೂ ಎಳೆದರೆ ವ್ಹೀಲ್ ಸಿಲಿಂಡರ್ ಸೋರುತ್ತಿದೆ, ಡ್ರಮ್ ತೆಗೆಸಿ ನೋಡಿ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೇ ಡ್ರೈವರುಗಳ ಮಾತು ಇಂದಿಗೂ ಸರಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದರಲ್ಲಿ 205 ಡಿಗ್ರಿಯವರೆಗೆ ಕುದಿಯದು, ತೇವ ಹಿಡಿದ ಮೇಲೆ 140 ಡಿಗ್ರಿಗೇ ಕುದಿದೀತು. ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ನಮ್ಮ ಹವೆಗೆ ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ ಬದಲಿಸಿ. ನೆನೆದ ಗಾಡಿಯನ್ನು ಹ್ಯಾಂಡ್ ಬ್ರೇಕ್ ಎಳೆದು ನಾಲ್ಕು ದಿನ ಬಿಟ್ಟರೆ ಲೈನರ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡಿ.

ಪ್ರಶ್ನೆ: 1968ರ ಫಿಯೆಟ್ 1100 ದಿನಾ ಆಫೀಸಿಗೆ ಒಯ್ಯುತ್ತೇನೆ. ವಿಂಟೇಜ್ ನಂಬರ್ ಮಾಡಿಸಿದರೆ ಒಳ್ಳೆಯದೇ? (ಕಾರವಾರ)

ಉತ್ತರ: ನಿಮಗೆ ಬೇಡ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಬದಲಿಸದ ವಾಹನಕ್ಕೆ ‘ವಿಎ’ ಸರಣಿಯ ನಂಬರ್ ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಅಂಥ ಗಾಡಿ ರಸ್ತೆಗಿಳಿಯಬಹುದಾದದ್ದು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ಹಾಕಿಸುವುದು, ರಿಪೇರಿ ಇಂಥವಕ್ಕೆ ಮಾತ್ರ. ದಿನಬಳಕೆಗೆ ಅವಕಾಶವಿಲ್ಲ. ಈಗಿರುವ ನೋಂದಣಿಯನ್ನೇ ನವೀಕರಿಸುತ್ತ ಹೋಗಿ. ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ ಫಾರಂ 25 ಕೊಡಬೇಕು. ತಪಾಸಣೆಗೆ ಒಯ್ಯುವ ಹಿಂದಿನ ದಿನ ಹಾರ್ನ್, ಬ್ರೇಕ್ ಲೈಟ್, ಹ್ಯಾಂಡ್ ಬ್ರೇಕ್ ಮೂರನ್ನೂ ಒಮ್ಮೆ ನೋಡಿಕೊಳ್ಳಿ. ಚಾಸಿ ನಂಬರ್ ಇರುವ ಜಾಗದ ತುಕ್ಕನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಎಮರಿ ಪೇಪರ್ ಹಾಕಬೇಡಿ. ಅಕ್ಷರ ಅಳಿಸಿದರೆ ಅದೇ ದೊಡ್ಡ ರಗಳೆ.